ನೆಲದ ಕಡೆಯ ಕತ್ತಲೆ

ಸಮುದ್ರದ ನಡುವೆ ದೀಪಸ್ತಂಭವಿದ್ದ ಆ ಬಂಡೆಗೆ ಅವಳು ಸೊಸೆಯಾಗಿ ಬಂದ ದಿನ ಮಾವ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ದೀಪದ ಕೋಣೆಯ ಮರದ ನೆಲದ ಮೇಲಿದ್ದ ಒಂದು ಸುಟ್ಟ ಕಲೆಯನ್ನು. ದೋಣಿಯ ಕುಲುಕಾಟಕ್ಕೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು, ಸುತ್ತುಮೆಟ್ಟಿಲು ಹತ್ತಿ ತಲೆ ಗಿರ್ರೆನ್ನುತ್ತಿತ್ತು. ಮುದುಕರಿಗೆ ಅದೊಂದೂ ಲೆಕ್ಕಕ್ಕಿರಲಿಲ್ಲ.

"ನೋಡಮ್ಮ ಇದನ್ನ," ಎಂದರು. "ನಮ್ಮಪ್ಪನ ಕಾಲದ್ದು. ಒಂದು ಬೆಳಿಗ್ಗೆ ಪರದೆ ಎಳೆಯೋದು ಮರೆತ್ರು, ಅಷ್ಟೇ. ಬಿಸಿಲು ಈ ಗಾಜಿನೊಳಗೆ ನುಗ್ಗಿ ನೆಲಕ್ಕೇ ಬೆಂಕಿ ಹಚ್ಚಿತು. ರಾತ್ರಿ ಬೆಳಕನ್ನ ಹೊರಗೆ ಕಳಿಸೋ ಗಾಜು ಹಗಲು ಬಿಸಿಲನ್ನ ಒಳಗೆ ಎಳ್ಕೊಳ್ಳುತ್ತೆ. ಅಡುಗೆ ಸೀದರೂ ಪರವಾಗಿಲ್ಲ, ನಾನು ತಿಂತೀನಿ. ಪರದೆ ಮಾತ್ರ ಮರೀಬೇಡ."

ಅವರ ಹಿಂದೆ ನಿಂತಿದ್ದ ಅವಳ ಗಂಡ ಕಣ್ಣು ಮಿಟುಕಿಸಿದ. ಆ ಮಾತನ್ನು ಅವನು ತೊಟ್ಟಿಲಿನಿಂದಲೂ ಕೇಳಿದ್ದ.

ಗಾಜುಗೂಡು ಎಂದು ಆ ಮನೆಯವರು ಕರೆಯುತ್ತಿದ್ದ ಅದು ನಿಜಕ್ಕೂ ಒಂದು ಗೂಡೇ. ಒಬ್ಬ ಆಳು ಒಳಗೆ ನೆಟ್ಟಗೆ ನಿಲ್ಲಬಹುದು. ಹಿತ್ತಾಳೆಯ ಚೌಕಟ್ಟಿನಲ್ಲಿ ಬಾಗಿದ ಗಾಜುಗಳನ್ನು ಸುತ್ತಲೂ ಸಾಲುಸಾಲಾಗಿ ಕೂರಿಸಿ, ನಡುವೆ ಒಂದೇ ಒಂದು ಸೀಮೆಎಣ್ಣೆ ದೀಪ. ಆ ದೀಪವನ್ನು ಹೊರಗಿಟ್ಟರೆ ಒಂದು ಅಡುಗೆಮನೆ ಬೆಳಗೀತು. ಗೂಡಿನೊಳಗಿಟ್ಟರೆ ಅದರ ಬೆಳಕು ಕಣ್ಣು ಹಾಯುವಷ್ಟು ದೂರದ ಸಮುದ್ರವನ್ನೆಲ್ಲ ಮುಟ್ಟುತ್ತಿತ್ತು. ನಡುಸಾಲಿನ ಗಾಜುಗಳು ಉಳಿದವಕ್ಕಿಂತ ದಪ್ಪ, ಹೊರಕ್ಕೆ ಉಬ್ಬಿದವು. ಬೆಳಕನ್ನು ದೂರಕ್ಕೆ ಒಯ್ಯುವುದು ಅವೇ. ಅವಕ್ಕೆ ಹೊಟ್ಟೆಗಾಜು ಎಂದು ಹೆಸರಿಟ್ಟವರು ಮಾವನ ಅಪ್ಪ, ಆ ದೀಪಸ್ತಂಭದ ಮೊದಲ ಕಾವಲುಗಾರ. ಅವರಿಗೂ ಮುಂಚೆ ಅಲ್ಲಿ ಇದ್ದದ್ದು ಬರೀ ಬಂಡೆ, ಅದರಾಚೆ ಸಮುದ್ರದೊಳಗೆ ಹಲ್ಲು ಕಿರಿದುಕೊಂಡು ಮಲಗಿದ್ದ ಕಲ್ಲುಸಾಲು. ಹಡಗುಗಳು ಅದಕ್ಕೆ ಬಡಿದು ಮುಳುಗಿ ಮುಳುಗಿ ಕೊನೆಗೆ ಸರಕಾರಕ್ಕೆ ಎಚ್ಚರವಾಗಿ ಕಂಬ ಎದ್ದಿತು. ಕಂಬ ಎದ್ದ ಮೇಲೆ ಕಲ್ಲುಸಾಲು ಒಂದು ಹಡಗನ್ನೂ ನುಂಗಿರಲಿಲ್ಲ.

"ಬೇರೆಯವರು ಮಕ್ಕಳಿಗೆ ಹೊಲ ಮನೆ ಬಿಟ್ಟು ಹೋಗ್ತಾರೆ," ಎನ್ನುತ್ತಿದ್ದರು ಮಾವ. "ನಾನು ಮುಳುಗದ ಹಡಗು ಬಿಟ್ಟು ಹೋಗ್ತೀನಿ. ಪಾಲು ಮಾಡೋ ತಂಟೆನೂ ಇಲ್ಲ."

ಅವಳು ಆ ಸಂಸಾರಕ್ಕೆ ಒಗ್ಗಿದಳು. ಬೆಳಿಗ್ಗೆ ದೀಪ ಆರಿಸಿದ ಕೂಡಲೇ ಪರದೆ ಎಳೆಯುವುದು, ಬತ್ತಿಯ ಕರಿ ತೆಗೆಯುವುದು, ಮೆತ್ತನೆಯ ತೊಗಲಿನಿಂದ ಗಾಜುಗಳನ್ನು ಒರೆಸುವುದು. ಬರಿ ಬೆರಳು ತಾಗಕೂಡದು. ಬೆರಳಿನ ಜಿಡ್ಡು ರಾತ್ರಿ ಸಮುದ್ರದ ಮೇಲೆ ಮಬ್ಬಾಗಿ ಬೀಳುತ್ತದೆ. ಮಗಳು ಹುಟ್ಟಿದ ಮೇಲೆ ಮಗುವಿನ ಸೊಂಟಕ್ಕೊಂದು ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಬಿಗಿದು ಕೆಲಸಕ್ಕೆ ಹೋಗುತ್ತಿದ್ದಳು, ಅಂಗಳ ದಾಟಿದರೆ ನೇರ ನೀರೇ ಆದ್ದರಿಂದ. ಸದಾ ಚಿಲಿಪಿಲಿ ಎನ್ನುವ ಆ ಮಗುವಿಗೆ ಗುಬ್ಬಿ ಎಂದೇ ಹೆಸರು ನಿಂತಿತು. ಆಮೇಲೊಬ್ಬ ಮಗ. ದಿನಸಿ, ಎಣ್ಣೆ, ಸುದ್ದಿ ತರುತ್ತಿದ್ದ ದೋಣಿಯವನಿಗೆ ಅಡ್ಡಹೆಸರು 'ಈಗ್ಬಂದೆ'. ಯಾವಾಗ ಕೂಗಿದರೂ ಈಗ್ಬಂದೆ ಎನ್ನುವುದು, ಬರುವುದು ಮರುದಿನ.

ಯುದ್ಧದ ಸುದ್ದಿಯನ್ನು ತಂದವನೂ ಅವನೇ. ಆ ದಿನ ಮಾತ್ರ ಅವನು ಹೊತ್ತಿಗೆ ಮುಂಚೆ ಬಂದಿದ್ದ.

"ದೀಪ ಹಚ್ಚಬಾರ್ದಂತೆ, ದೊಡ್ಡಯ್ಯ," ಎಂದ ಮಾವನಿಗೆ. "ಶತ್ರು ಹಡಗಿಗೆ ದಾರಿ ಕಾಣುತ್ತಂತೆ."

"ನಮ್ಮ ಹಡಗಿಗೆ?"

"ಅದನ್ನ ಯಾರೂ ಹೇಳ್ಲಿಲ್ಲ."

ಆ ಸಂಜೆ ಮಾವ ಬೆಂಕಿಪೊಟ್ಟಣ ಹಿಡಿದುಕೊಂಡು ಮೇಲೆ ಹೋಗಿ, ಹಚ್ಚದೆ, ಕತ್ತಲಾಗುವವರೆಗೂ ಕೂತಿದ್ದು ಇಳಿದು ಬಂದರು. ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಕೂತರು, ಆದರೆ ಕೈ ಆಡಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಗಂಡನಿಗೂ ಕರೆ ಬಂತು. ಕರಾವಳಿಯ ನೀರಿನ ಆಳ ಬಲ್ಲವರು ಯುದ್ಧದ ದೋಣಿಗಳಿಗೆ ಬೇಕಾಗಿದ್ದರು.

"ಗಾಜು ಜೋಪಾನ ಕಣೇ," ಎಂದ ಅವನು, ದೋಣಿಯಲ್ಲಿ ಒಂದು ಕಾಲಿಟ್ಟು.

"ಹೆಂಡ್ತಿ ಮಕ್ಕಳು ಜೋಪಾನ ಅಂತ ಬಾಯಿಗೆ ಬರಲ್ವೇನ್ರೀ ನಿಮಗೆ?"

"ನಿನ್ನನ್ನ ಜೋಪಾನ ಮಾಡೋಕೆ ನೀನೇ ಇದ್ದೀಯಲ್ಲ. ಗಾಜಿಗೆ ಯಾರಿದ್ದಾರೆ?"

ಅವಳು ನಕ್ಕಳು, ಅವನು ಹೋಗಲೆಂದು. ದೋಣಿ ಚುಕ್ಕೆಯಾದ ಮೇಲೆ ಹಿಂಬಾಗಿಲಿಗೆ ಹೋಗಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಮೇಲೆ ಹೋಗಿ ಪರದೆ ಸರಿಯಾಗಿದೆಯೇ ಎಂದು ನೋಡಿದಳು.

ಸೈನ್ಯದ ಅಧಿಕಾರಿ ಬಂದದ್ದು ಮೋಡವಿಲ್ಲದ ಒಂದು ಬೆಳಿಗ್ಗೆ. ವಯಸ್ಸು ಹೆಚ್ಚಿಲ್ಲ, ನಿದ್ದೆಗೆಟ್ಟ ಕಣ್ಣು. ಅವನ ಜೊತೆ ಬಂದ ಸಿಪಾಯಿಗಳು ಅಂಗಳದಲ್ಲೇ ಕೂತು ಬೂಟು ಬಿಚ್ಚಿದರು.

"ಬಂಡೆ ಖಾಲಿ ಮಾಡ್ಬೇಕು, ಅಜ್ಜ. ಇವತ್ತು ಸಂಜೆ ನೀರಿಳಿಯೋ ಹೊತ್ತಿಗೆ ನಮ್ಮ ದೋಣಿ ಹೊರಡುತ್ತೆ. ಅವರು ಈ ಬಂಡೆ ಹಿಡಿದ್ರೆ ಇದೇ ದೀಪ ಹಚ್ಚಿ ತಮ್ಮ ಹಡಗು ತರ್ತಾರೆ. ಅದಕ್ಕೆ ಗಾಜು ಇಲ್ಲಿರಬಾರ್ದು ಅಂತ ಆರ್ಡರು."

"ಇರಬಾರ್ದು ಅಂದ್ರೆ?" ಮಾವ ಕೇಳಿದರು.

ಅಧಿಕಾರಿ ಸಿಪಾಯಿಯೊಬ್ಬನ ಪಕ್ಕದಲ್ಲಿದ್ದ ದೊಡ್ಡ ಸುತ್ತಿಗೆಯ ಕಡೆ ನೋಡಿದ, ನೋಡಿ ನಾಚಿಕೊಂಡ.

ಆಗ ಅವಳೇ ಮುಂದೆ ಬಂದಳು. ಕಂಕುಳಲ್ಲಿ ಮಗ, ಕೈಯಲ್ಲಿ ಸಟ್ಟುಗ.

"ಇಲ್ಲಿ ಇರಬಾರ್ದು, ಅಷ್ಟೇ ತಾನೇ? ನಿಮ್ಮ ದೋಣಿ ಹೊರಡೋ ಹೊತ್ತಿಗೆ ಇರಲ್ಲ. ಸುತ್ತಿಗೆ ನಾನು ಇಟ್ಕೊಳ್ತೀನಿ, ಬೋಲ್ಟು ಸಡಿಲ ಮಾಡೋಕೆ ಬೇಕು."

"ಒಂದು ದಿನದಲ್ಲಿ ಆಗುತ್ತಾ ತಾಯಿ?"

"ಕೂತು ಮಾತಾಡಿದ್ರೆ ಆಗಲ್ಲ."

ಒಲೆಯ ಮೇಲಿದ್ದುದನ್ನು ಇಳಿಸಿ, ಮಗನನ್ನು ಒಬ್ಬ ಸಿಪಾಯಿಯ ತೊಡೆಯ ಮೇಲೆ ಕೂರಿಸಿ, ಅವಳು ಮೆಟ್ಟಿಲು ಹತ್ತಿದಳು. ಹೊದಿಸಿ ಕಟ್ಟಲು ಬಟ್ಟೆ ಬೇಕು. ಸುತ್ತ ನೋಡಿದರೆ ದಪ್ಪನೆಯ, ಮೆತ್ತನೆಯ ಬಟ್ಟೆ ಎಂದರೆ ದೀಪದ ಕೋಣೆಯ ಪರದೆಗಳೇ. ಕತ್ತರಿ ಹಾಕುವಾಗ ಒಂದು ಕ್ಷಣ ಕೈ ತಡೆಯಿತು. ಮಾವನ ಮುಖ ನೋಡಿದಳು.

"ಕತ್ತರಿಸಮ್ಮ," ಎಂದರು ಅವರು. "ಗಾಜೇ ಹೋದ್ಮೇಲೆ ಪರದೆ ಯಾರ ಮಾನ ಮುಚ್ಚೋಕೆ?"

ಅವಳು ಕತ್ತರಿಸಿ ಚೀಲ ಹೊಲಿಯುತ್ತ ಹೋದಳು. ಮಾವ ಒಂದೊಂದೇ ಗಾಜನ್ನು ಚೌಕಟ್ಟಿನಿಂದ ಬಿಡಿಸಿ ಹಸುಗೂಸಿನಂತೆ ಎತ್ತಿ ಕೊಟ್ಟರು. ದಿಂಬು ಹಾಸಿಗೆಗಳ ಹತ್ತಿಯೆಲ್ಲ ಚೀಲಗಳೊಳಗೆ ಹೋಯಿತು. ಯಾವ ಗಾಜು ಎಲ್ಲಿಯದು ಎನ್ನುವುದಕ್ಕೆ ಗಾಜಿನ ಹಿತ್ತಾಳೆ ಅಂಚಿನಲ್ಲಿ ಮಾಡಿದವರೇ ಗುರುತು ಕೊರೆದಿದ್ದರು; ಅದೊಂದು ಪುಣ್ಯ. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ತಾನೂ ಕೋಟು ಬಿಚ್ಚಿ ಬಂದ. ಸಿಪಾಯಿಗಳು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸಿದರು. ಗುಬ್ಬಿ ಅವರ ಕಾಲ ಸಂದಿಯಲ್ಲೆಲ್ಲ ನುಸುಳಿ, "ಮೆಲ್ಲಗೆ, ಮೆಲ್ಲಗೆ, ಬಿದ್ರೆ ಅಜ್ಜ ಬೈತಾರೆ," ಎಂದು ಸೈನ್ಯಕ್ಕೇ ಅಪ್ಪಣೆ ಕೊಡುತ್ತಿದ್ದಳು.

ನೀರು ಇಳಿಯಿತು. ಒಂದು ಗಾಜಿಗೂ ಗೀರು ಬೀಳದೆ ಗೂಡು ದಡ ಸೇರಿತು. ಪಾತ್ರೆ ಪಡಗಕ್ಕೆ ಜಾಗ ಸಾಲದೆ ಅರ್ಧ ಅಲ್ಲೇ ಉಳಿಯಿತು.

ದಡದಲ್ಲಿ ದೀಪಸ್ತಂಭದ ಇಲಾಖೆಯವರು ಕೊಟ್ಟ ಮನೆ ಒಂದು ಓಣಿಯಲ್ಲಿತ್ತು. ಎರಡು ಕೋಣೆ, ಹಿಂದೆ ಒಂದು ಚಿಕ್ಕ ಅಂಗಳ. ಗಾಜು ಮಂಚದ ಕೆಳಗೆ, ಕಪಾಟಿನೊಳಗೆ, ನೀರೊಲೆಯ ಹಿಂದೆ, ಎಲ್ಲೆಲ್ಲೂ. ಮಕ್ಕಳು ಓಡುವಂತಿಲ್ಲ, ಚೆಂಡಂತೂ ಮನೆಯೊಳಗೆ ಕಾಲಿಡುವಂತಿಲ್ಲ. ಪಕ್ಕದ ಮನೆಯಾಕೆ ಬಂದರೆ ಕುರ್ಚಿಯ ಮೇಲಿನ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡೇ ಮಾತು.

"ಏನ್ರೀ ಅದು, ಯಾವಾಗ್ಲೂ ಅಪ್ಪಿಕೊಂಡಿರ್ತೀರಿ?"

"ನಮ್ಮ ಮಾವನ ಮುಳುಗದ ಹಡಗು," ಎನ್ನುತ್ತಿದ್ದಳು.

ಕಿಟಕಿ ಗಡಗಡ ಎನ್ನುವಂತೆ ಸಮುದ್ರದ ಕಡೆಯಿಂದ ಸದ್ದು ಬಂದ ದಿನಗಳಿದ್ದವು. ಒಂದು ದಿನ ಈಗ್ಬಂದೆ ಬಂದು ಬಂಡೆಯ ಮೇಲಿನ ಮನೆ ಫಿರಂಗಿಯ ಗುಂಡು ಬಡಿದು ಕುಸಿದು ಬಿತ್ತೆಂದು ಹೇಳಿದ. ಕಂಬ ನಿಂತಿದೆ, ಮೈತುಂಬ ಗಾಯ. ಮಾವ ಕೇಳಿ ತಲೆಯಾಡಿಸಿದರು. ಅವರ ಕಣ್ಣು ಆಗಲೇ ಮಂಜಾಗತೊಡಗಿತ್ತು. ಎದುರಿಗಿದ್ದವರನ್ನು ದನಿಯಿಂದ ಗುರುತಿಸುತ್ತಿದ್ದರು. ಗಾಜನ್ನು ಮಾತ್ರ ಬಟ್ಟೆಯ ಮೇಲಿಂದಲೇ ಸವರಿ, "ಇದು ಮೇಲಿನ ಸಾಲಿಂದು, ಇದು ಕೆಳಗಿಂದು," ಎನ್ನುತ್ತಿದ್ದರು.

ಒಂದು ಮಳೆಗಾಲ ಗೋಡೆ ಬೆವರಿ ಚೀಲಗಳಿಗೆಲ್ಲ ಬೂಷ್ಟು ಹಿಡಿಯಿತು. ಮಳೆ ಬಿಟ್ಟು ಸುಡುಬಿಸಿಲು ಬಿದ್ದ ಮೊದಲ ದಿನ ಯಾವ ಗೃಹಿಣಿಯಾದರೂ ಮಾಡುವುದನ್ನೇ ಅವಳೂ ಮಾಡಿದಳು. ಅಂಗಳದಲ್ಲಿ ಚಾಪೆ ಹಾಸಿ, ಹತ್ತಿ ಹರಡಿ, ಗಾಜು ತೆಗೆದು ಚೀಲ ಒಗೆಯಲು ಕೂತಳು. ಗಾಜುಗಳನ್ನು ಹತ್ತಿಯ ಮೇಲೆ ಮೆತ್ತಗೆ ಇಟ್ಟಳು, ಪೆಟ್ಟಾಗಬಾರದೆಂದು. ಬಂಡೆಯ ಮೇಲಿದ್ದಷ್ಟು ವರ್ಷ ಒಂದು ದಿನ ತಪ್ಪದೆ ಪರದೆ ಎಳೆದ ಕೈ ಅದು. ಆದರೆ ಪರದೆಯೆಂದರೆ ಆ ಕೋಣೆ, ಆ ಕಿಟಕಿ, ಆ ಗೂಡು. ಚಾಪೆಯ ಮೇಲೆ ಒಣಗಲು ಮಲಗಿದ್ದ ಗಾಜು ಕೂಡ ಅದೇ ಗಾಜೆಂದು ಆ ಕೈಗೆ ಹೊಳೆಯಲಿಲ್ಲ.

ಹೊಗೆಯ ವಾಸನೆ ಮೊದಲು ಬಂದದ್ದು ಗುಬ್ಬಿಗೆ. "ಅಮ್ಮಾ, ಹತ್ತಿ ಉರೀತಾ ಇದೆ!"

ಒಂದು ಹೊಟ್ಟೆಗಾಜಿನ ಕೆಳಗಿನ ಹತ್ತಿ ಕೆಂಪಗೆ ಹೊತ್ತಿ, ಉರಿ ಚಾಪೆಗೆ ಹಿಡಿಯುತ್ತಿತ್ತು. ಎದ್ದವಳೇ ಒಗೆಯುತ್ತಿದ್ದ ಬಕೆಟಿನ ತಣ್ಣೀರನ್ನು ಹಾಗೇ ಸುರಿದಳು. ಬೆಂಕಿ ಆರಿತು. ಟಕ್ಕೆಂದು ಒಂದು ಸದ್ದಾಯಿತು, ಬೆರಳು ನೆಟಿಗೆ ಮುರಿದಷ್ಟೇ ಸದ್ದು. ಕಾದ ಗಾಜು ಮೂರು ಹೋಳಾಗಿತ್ತು.

ಉಳಿದವನ್ನು ನೆರಳಿಗೆ ಎಳೆದು, ಮೇಲೆ ಹೊದಿಕೆ ಮುಚ್ಚಿ, ಅವಳು ಒಳಗೆ ಹೋಗಿ ಮಾವನ ಮುಂದೆ ನಿಂತಳು.

"ಟಕ್ಕಂತು," ಎಂದರು ಅವರೇ. "ಯಾವ್ದು?"

"ಹೊಟ್ಟೆಗಾಜು, ಮಾವ. ಬಿಸಿಲಿಗೆ ಇಟ್ಟೆ. ನಾನೇ ಇಟ್ಟೆ."

ಮುದುಕರು ಗೋಡೆ ಹಿಡಿದುಕೊಂಡು ನೆಟ್ಟಗೆ ಕೂತರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಮಕ್ಕಳಿಗೆ ಸುಟ್ಟಿಲ್ಲ ತಾನೇ?" ಎಂದರು. "ನಮ್ಮಪ್ಪ ಮರೆತ್ರು, ನೆಲ ಸುಟ್ಟಿತು. ನೀನು ಮರೆತೆ. ನಾನೊಬ್ಬ ಮರೆತಿಲ್ಲ, ಯಾಕಂದ್ರೆ ನಾನು ಬೇರೆ ಕೆಲಸಾನೇ ಮಾಡಿಲ್ಲ. ಹೋಗು, ಉಳಿದಿದ್ದನ್ನ ಕಟ್ಟು."

ಅವಳು ಕಟ್ಟಿದಳು. ಕಟ್ಟುತ್ತ ಕಟ್ಟುತ್ತ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಯಿತು. ಗೂಡು ಬಂಡೆಯ ಮೇಲೆ ಮತ್ತೆ ಉರಿಯಬೇಕು, ಈ ಗಾಜಿನಿಂದಲೇ. ಅಲ್ಲಿಯವರೆಗೆ ತಾನು ಸೋತೆ ಎನ್ನುವ ಹಾಗಿಲ್ಲ.

ಯುದ್ಧ ಮುಗಿಯಿತು. ಗಂಡ ಬಂದ, ಸೊರಗಿದ್ದ, ಒಂದು ಕಿವಿ ಕೇಳುತ್ತಿರಲಿಲ್ಲ. ಮಗ ಅಪ್ಪನನ್ನು ಕಂಡು ಕಪಾಟಿನ ಹಿಂದೆ ಬಚ್ಚಿಟ್ಟುಕೊಂಡ. ಅವಳು ನೀರು ಕಾಸಿದಳು, ಬಡಿಸಿದಳು. ಊಟವಾದ ಮೇಲೆ, ಕೇಳುವ ಕಿವಿಯ ಕಡೆ ಕೂತು, ಗಾಜಿನ ಸುದ್ದಿ ಹೇಳಿದಳು.

"ಒಂದು ತಾನೇ?" ಎಂದ ಅವನು. "ನಾನಿದ್ದ ದೋಣಿನೇ ಎರಡು ಸಲ ಮುಳುಗಿತು. ನೀನೇ ವಾಸಿ."

ಇಲಾಖೆಯಿಂದ ಇಂಜಿನಿಯರ್ ಬಂದರು. ಮನೆಯ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದು ಗಾಜನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರು ಎಣಿಸಿ ಮುಗಿಸುವ ಮುಂಚೆಯೇ ಅವಳು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮೂರು ಹೋಳನ್ನು ಮುಂದಿಟ್ಟಳು.

"ಇದೊಂದು ಒಡೆದಿದೆ. ನನ್ನಿಂದ."

ಇಂಜಿನಿಯರ್ ಹೋಳುಗಳನ್ನು ಜೋಡಿಸಿ ನೋಡಿ ಕೆಳಗಿಟ್ಟರು. "ಊರೂರೇ ಒಡೆದುಹೋಗಿವೆಯಮ್ಮ. ನೀವು ಇಷ್ಟು ಉಳಿಸಿದ್ದೀರಲ್ಲ, ಬೇರೆ ದೀಪಸ್ತಂಭಗಳಲ್ಲಿ ಚೂರೂ ಸಿಕ್ಕಿಲ್ಲ. ಆದ್ರೆ..." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊಟ್ಟೆಗಾಜು ಇಲ್ಲದ ಕಡೆ ಬೆಳಕು ಹೋಗಲ್ಲ. ಆ ಸಂದಿಯಿಂದ ಗಾಳಿ ಸೆಳೆದು ಬತ್ತಿ ಕುಣಿಯುತ್ತೆ ಅಂತ ಅಲ್ಲಿ ತಗಡು ಬೇರೆ ಹಾಕ್ಬೇಕು. ಆ ಕಡೆ ಪೂರ್ತಿ ಕತ್ತಲೆ. ಹೊಸ ಗಾಜು ಮಾಡೋ ಕಾರ್ಖಾನೆನೇ ಈಗ ಇಲ್ಲ. ಸದ್ಯಕ್ಕೆ ಕಂಬದ ಮೇಲೊಂದು ಹಡಗಿನ ಲಾಂದ್ರ ಕಟ್ಟೋಣ ಅಂತ ಇಲಾಖೆ ಹೇಳುತ್ತೆ."

"ಲಾಂದ್ರ ಕಲ್ಲುಸಾಲಿನ ಆಚೆ ತುದಿವರೆಗೆ ಕಾಣುತ್ತಾ?" ಎಂದಳು.

"ಇಲ್ಲ."

"ಮತ್ತೆ ಕಟ್ಟಿ ಏನು ಬಂತು? ಸಮಾಧಾನಕ್ಕಾ?"

"ಏನೇ, ಸಾಹೇಬ್ರ ಹತ್ರ..." ಎಂದು ಗಂಡ ತಡೆದ.

"ಮಾತಾಡಲಿ ಬಿಡೋ," ಎಂದರು ಮೂಲೆಯಿಂದ ಮಾವ. "ಗಾಜು ಹೊತ್ತವಳು ಅವಳು."

ಅವಳು ನೆಲದ ಮೇಲೆ ಹರಡಿದ್ದ ಗಾಜುಗಳನ್ನು ನೋಡುತ್ತ ನಿಂತಳು. ಹರಿದ ಹೊದಿಕೆಯನ್ನು ಮಕ್ಕಳಿಗೆ ಹೊದಿಸುವಾಗ ಹರಕನ್ನು ಎಲ್ಲಿ ಹಾಕುತ್ತೇವೆ? ಎದೆಯ ಮೇಲಲ್ಲ, ಕಾಲ ಕಡೆಗೆ.

"ಗೂಡನ್ನ ತಿರುಗಿಸಿ ಕೂರಿಸ್ಬಹುದಲ್ವಾ?" ಎಂದಳು ನಿಧಾನವಾಗಿ. "ಒಂದು ಕಡೆ ಕಲ್ಲುಸಾಲು, ಒಂದು ಕಡೆ ಹಡಗಿನ ದಾರಿ, ಇನ್ನೊಂದು ಕಡೆ ಬಂದರಿನ ಬಾಯಿ. ಅವಕ್ಕೆಲ್ಲ ಬೆಳಕು ಬೇಕೇ ಬೇಕು. ನೆಲದ ಕಡೆ, ಈ ಓಣಿ ಕಡೆ, ಯಾವ ಹಡಗೂ ಬರಲ್ಲ. ನೀರೂ ಆಳ ಇಲ್ಲ. ಸಂದಿ ಈ ಕಡೆ ಇರಲಿ."

ಇಂಜಿನಿಯರ್ ಕನ್ನಡಕ ಹಾಕಿಕೊಂಡರು. "ನನಗೂ ಅದೇ ಹೊಳೆದಿತ್ತು. ಈ ಮನೇಲಿ ಕೂತು ಹೇಳೋಕೆ ನಾಲಿಗೆ ಬರ್ಲಿಲ್ಲ."

ಯಾಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬಂಡೆಯ ಮೇಲೆ ಮನೆ ಉಳಿದಿರಲಿಲ್ಲ. ಇನ್ನು ಸಂಸಾರ ಅಲ್ಲಿರುವಂತಿಲ್ಲ. ಗಂಡ ಒಬ್ಬನೇ ಕಂಬದ ಬುಡದ ಕೋಣೆಯಲ್ಲಿರಬೇಕು, ಅವಳು ಮಕ್ಕಳು ಮಾವ ಓಣಿಯಲ್ಲಿ. ಸಮುದ್ರ ಕೆರಳಿದರೆ ವಾರಗಟ್ಟಲೆ ದೋಣಿ ಇಲ್ಲ. ಆಗ ಅಲ್ಲಿಂದ ಇಲ್ಲಿಗೆ ಬರುವ ಸುದ್ದಿ ಒಂದೇ: ಸಂಜೆ ದೀಪ ಹೊತ್ತಿತೆಂದರೆ ಹಚ್ಚುವವನು ಚೆನ್ನಾಗಿದ್ದಾನೆ. ಹೆರಿಗೆಗೆಂದು ದಡಕ್ಕೆ ಬಂದಿದ್ದ ತಿಂಗಳುಗಳನ್ನು ಅವಳು ಕಳೆದದ್ದೇ ಹಾಗೆ.

"ಬೇಡ ಕಣೇ," ಎಂದ ಗಂಡ. "ಲಾಂದ್ರ ಕಟ್ಟಿದ್ರೆ ನಿಂಗಾದ್ರೂ ಕಾಣುತ್ತೆ."

"ನಂಗೆ ಕಾಣ್ಲಿ ಅಂತ ದೀಪ ಇಟ್ಟಿದಾರಾ? ನಾನೇನು ಹಡಗಾ?" ಎಂದಳು ಅವಳು. "ನೀವು ದೋಣಿ ಮೇಲಿದ್ದಾಗ ಯಾವ ದೀಪ ನೋಡ್ಕೊಂಡು ಕಾದೆ ನಾನು? ಕಾದೆ ತಾನೇ? ಈಗಲೂ ಕಾಯ್ತೀನಿ. ಕಲ್ಲುಸಾಲಿಗೆ ಬಡಿಯೋ ಹಡಗಲ್ಲಿ ಇರೋರ ಮನೇಲೂ ಯಾರೋ ಕಾಯ್ತಿರ್ತಾರೆ."

"ನನಗಂತೂ ಯಾವ ಕಡೆ ಇಟ್ರೂ ಕಾಣಲ್ಲ," ಎಂದರು ಮಾವ. "ಈ ಓಣಿಗೆ ಕತ್ತಲೆ ಹೊಸದಲ್ಲ ಬಿಡು. ತಿರುಗಿಸಿ."

ಇಂಜಿನಿಯರ್ ಎದ್ದು ನಿಂತು ಅವಳಿಗೆ ಕೈಮುಗಿದರು. ಅವಳಿಗೆ ಸಂಕೋಚವಾಗಿ ಕಾಫಿ ಮಾಡಲು ಒಳಗೆ ಹೋದಳು.

ಗಾಜೆಲ್ಲ ಮತ್ತೆ ದೋಣಿ ಏರಿತು. ಕಂಬದ ಗಾಯಗಳಿಗೆ ಗಾರೆ ಮೆತ್ತಿದರು. ಗೂಡು ಕೂರಿಸುವ ದಿನಗಳಲ್ಲಿ ಅವಳೂ ಹೋಗಿ ಒಂದೊಂದನ್ನೂ ಬಿಚ್ಚಿ, ತೊಗಲಿನಿಂದ ಒರೆಸಿ, ಗಂಡನ ಕೈಗಿಟ್ಟಳು. ಒಡೆದ ಗಾಜಿನ ಜಾಗಕ್ಕೆ ತಗಡು ಬಂತು, ಓಣಿಯ ಕಡೆಗೆ ಬೆನ್ನು ಹಾಕಿದ ಹಾಗೆ. ಹಳೆಯ ಚೀಲಗಳನ್ನು ಒಗೆದು, ಹೊಲಿಗೆ ಬಿಚ್ಚಿ, ತೇಪೆ ಸೇರಿಸಿ ಮತ್ತೆ ಪರದೆ ಮಾಡಿಕೊಟ್ಟಳು. "ಬೆಳಿಗ್ಗೆ ಎಳೀರಿ," ಎಂದು ಹೇಳಿದ್ದಕ್ಕೆ, "ನಂಗೆ ಹೇಳ್ತೀಯಾ?" ಎಂದು ಅವನು ಹುಬ್ಬೇರಿಸಿದ. "ಹೌದು, ನಿಮಗೇ. ಸುಟ್ಟುಕೊಂಡೋಳು ಹೇಳ್ತಿದೀನಿ, ಕೇಳಿ."

ದೀಪ ಹಚ್ಚುವ ದಿನ ದಡದಲ್ಲಿ ಕೂತು ಊಹಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಸರಿಯಾಗಿ ಉರಿಯುತ್ತದೆಯೋ ಇಲ್ಲವೋ ಒಂದು ಸಲ ತನ್ನ ಕಣ್ಣಿಂದಲೇ ನೋಡಬೇಕು. ಮಾವನಿಗೆ ಊಟಕ್ಕಿಟ್ಟು, ಮಕ್ಕಳ ಕೈ ಹಿಡಿದು, ಸಂಜೆ ಈಗ್ಬಂದೆಯ ದೋಣಿ ಹತ್ತಿದಳು. ಅವನು ಗೊಣಗಿದ. "ನೋಡೋಕೆ ಕಲ್ಲುಸಾಲಿನ ಹತ್ರ ಹೋಗ್ಬೇಕಾ, ಅಕ್ಕ? ಒಂದೇ ದೋಣಿ ಇರೋದು ನಂಗೆ."

"ದೀಪ ಸರಿ ಇದ್ರೆ ದೋಣಿಗೇನೂ ಆಗಲ್ಲ. ಸರಿ ಇಲ್ದಿದ್ರೆ ನಿನ್ನ ಜೊತೆ ನಾನೂ ಈಜ್ತೀನಿ, ನಡಿ."

ಬಂಡೆಯನ್ನು ಬಳಸಿ ಆಚೆ ಮಗ್ಗುಲಿಗೆ ಹೋಗುವಷ್ಟರಲ್ಲಿ ಆಕಾಶದ ಬಣ್ಣ ಇಳಿದಿತ್ತು. ನೀರು ಬೂದಿ ಬಣ್ಣ. ಕಲ್ಲುಸಾಲಿನ ಮೇಲೆ ಅಲೆ ಒಡೆಯುವ ಸದ್ದು ಕೇಳುತ್ತಿತ್ತು, ಸಾಲು ಕಾಣುತ್ತಿರಲಿಲ್ಲ. ಮೇಲೆ, ಕಂಬದ ನೆತ್ತಿಯಲ್ಲಿ, ಒಂದು ಚಿಕ್ಕ ಹಳದಿ ಚುಕ್ಕೆ ಮೂಡಿತು. ಗಂಡ ಬತ್ತಿ ಏರಿಸಿರಬೇಕು. ಚುಕ್ಕೆ ನಡುಗಿತು, ಬಿಳುಪಾಯಿತು, ಇದ್ದಕ್ಕಿದ್ದಂತೆ ಗೂಡೆಲ್ಲ ತುಂಬಿಕೊಂಡು ಹೊರಗೆ ಹರಿಯಿತು. ಕಲ್ಲುಸಾಲಿನ ಒಂದೊಂದು ಹಲ್ಲೂ ಎದ್ದು ಕಂಡಿತು.

"ಅಮ್ಮಾ, ಅಮ್ಮಾ!" ಗುಬ್ಬಿ ದೋಣಿಯಲ್ಲಿ ಎದ್ದು ನಿಂತಳು. ಮಗ ಬಾಯಿ ತೆರೆದುಕೊಂಡು ಕೂತಿದ್ದ. ಅವನಿಗೆ ಆ ದೀಪವನ್ನು ನೋಡಿದ ನೆನಪೇ ಇರಲಿಲ್ಲ.

ಅವಳು ಎಲ್ಲೂ ಮಬ್ಬಿದೆಯೇ ಎಂದು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದಳು, ಒರೆಸಿದ ತಟ್ಟೆ ನೋಡುವ ಹಾಗೆ. ಎಲ್ಲೂ ಇರಲಿಲ್ಲ. ಬೆಳಕು ಅಲುಗದೆ ನಿಂತಿತ್ತು. ಬಹಳ ದೂರದಲ್ಲಿ ಯಾವುದೋ ಹಡಗಿನ ದೀಪ, ಕಲ್ಲುಸಾಲಿಗೆ ದೂರವಾಗಿ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದು ಕಣ್ಮರೆಯಾಗುವವರೆಗೂ ಅವಳು ಹೊರಡೋಣ ಎನ್ನಲಿಲ್ಲ.

ದೋಣಿ ದಡದ ಕಡೆ ತಿರುಗಿತು. ಬಂಡೆಯ ಪಕ್ಕ ದಾಟುತ್ತಿದ್ದಂತೆ ಮಕ್ಕಳ ಮುಖದ ಮೇಲಿದ್ದ ಬೆಳಕು ಬಾಗಿಲು ಮುಚ್ಚಿದಂತೆ ಹೋಯಿತು.

"ಅಪ್ಪ ಆರಿಸಿಬಿಟ್ರಾ?" ಮಗ ಅವಳ ಸೆರಗು ಹಿಡಿದ.

"ಇಲ್ಲ ಕಂದ, ಉರೀತಾನೇ ಇದೆ. ನಾವು ಈ ಕಡೆಗೆ ಬಂದ್ವಿ, ಅಷ್ಟೇ."

"ನಾಳೆನೂ ಉರಿಯುತ್ತಾ?"

"ನಾಳೆನೂ ಉರಿಯುತ್ತೆ."

"ನಮಗೆ ಹೇಗೆ ಗೊತ್ತಾಗುತ್ತೆ?"

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಾಗಲ್ಲ," ಎಂದಳು. "ಆದ್ರೂ ಉರಿಯುತ್ತೆ." ಮಗನನ್ನು ಗುಬ್ಬಿಯ ಪಕ್ಕಕ್ಕೆ ಸರಿಸಿ, ಈಗ್ಬಂದೆಯ ಎದುರು ಕೂತು, ದೋಣಿಯಲ್ಲಿದ್ದ ಇನ್ನೊಂದು ಹುಟ್ಟನ್ನು ಎತ್ತಿಕೊಂಡಳು.

"ಬೇಗ ಹಾಕಣ್ಣ. ಮಾವ ಒಬ್ಬರೇ ಇದ್ದಾರೆ, ಹೋಗಿ ಹೇಳ್ಬೇಕು."